ಹದಿನೆಂಟು ಹೆಜ್ಜೆ

ಹಾರೆ ಮೂರನೆಯ ಸಲ ಇಳಿದಾಗ ಎರೆಮಣ್ಣಿನ ಕಪ್ಪಿನಲ್ಲಿ ಬಿಳುಪು ಕಾಣಿಸಿತು. ಕುಣಿ ತೋಡುತ್ತಿದ್ದ ಎರ್ರಿಸ್ವಾಮಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಹಾರೆ ಬದಿಗಿಟ್ಟ.

"ವಿಭೂತಿ. ಇಲ್ಲಿ ಮೊದ್ಲೇ ಯಾರೋ ಕುಂತಾರ್ರಿ."

ಗುರುಸ್ವಾಮಿ ತನ್ನ ಅಪ್ಪ ಬರೆದಿಟ್ಟಿದ್ದ ಹಾಳೆಯನ್ನು ಮತ್ತೆ ಓದಿದ. ಬೇವಿನ ಮರದಿಂದ ಮೂಡಲಿಗೆ ಹದಿನೆಂಟು ಹೆಜ್ಜೆ, ನನ್ನ ಜಾಗ. ಅವನು ಎಣಿಸಿಯೇ ನಡೆದಿದ್ದ, ಎರಡು ಸಲ.

ತಮ್ಮ ಶಶಿಕಾಂತ ಕೈಗಡಿಯಾರ ನೋಡಿದ. ಬಳ್ಳಾರಿಯ ರುದ್ರಭೂಮಿಯಲ್ಲಿ ನಲ್ಲಿ, ಸಿಮೆಂಟಿನ ಬೆಂಚು ಎಲ್ಲ ಇವೆ, ಹೆಣ ಹೊತ್ತು ಕುರುಗೋಡಿನ ಜಾಲಿಗೆ ಬರುವ ಅಗತ್ಯವೇನಿತ್ತು ಎಂದು ಬೆಳಗಿನಿಂದ ನಾಲ್ಕು ಸಲ ಕೇಳಿದ್ದ.

"ಊರ ಮಂದಿ ಹೊಲ ಅಳದಾತ ತನ್ನ ಕುಣೀನ ತಪ್ಪಿಸ್ಯಾನ ನೋಡಣ್ಣ. ಹೊತ್ತು ಮುಳುಗೋದ್ರಾಗ ಜಾಗ ಸಿಗ್ಲಿಲ್ಲಂದ್ರ ವಾಪಸ್ ಬಳ್ಳಾರಿಗೇ ಒಯ್ಯಾಣ."

*

ಅವರಪ್ಪ ಚಿದಾನಂದಪ್ಪ ಸಿರುಗುಪ್ಪದ ಸರ್ವೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆದವನು. ನಕ್ಷೆಯ ಮೇಲೆ ಸಹಿ ಸಾಹೇಬರದು, ಕಾಲಿನ ಮುಳ್ಳು ಇವನದು. ನಿವೃತ್ತಿಯಾದ ಮೇಲೆ ಭಾನುವಾರ ಬುತ್ತಿ, ಹಾರೆ ಹಿಡಿದು ಕುರುಗೋಡಿನ ಬಸ್ಸು ಹತ್ತತೊಡಗಿದ. ಮನೆತನದ ಸಮಾಧಿಗಳನ್ನು ಜಾಲಿ ನುಂಗಿತ್ತು. ಕಡಿದ, ಹಾರೆಯಿಂದ ನೆಲ ಚುಚ್ಚಿದ, ತುದಿಗೆ ವಿಭೂತಿ ಹತ್ತಿದಲ್ಲಿ ಕಲ್ಲು ನೆಟ್ಟ. ಮುದುಕ ನಿಧಿ ಹುಡುಕುತ್ತಿದ್ದಾನೆಂದು ಊರವರು ಆರು ತಿಂಗಳು ಮರ್ಯಾದೆ ಕೊಟ್ಟರು. ಸಿಗುವುದು ಬರೀ ಅಜ್ಜಂದಿರು ಎಂದು ಗೊತ್ತಾದ ಮೇಲೆ ಚಹಾ ಕುಡಿಯೆನ್ನುವುದನ್ನೂ ಬಿಟ್ಟರು.

ಹಾಳೆಯಲ್ಲಿ ಹನ್ನೊಂದು ಹೆಸರುಗಳಿದ್ದವು. ಹನ್ನೆರಡನೆಯದರ ಮುಂದೆ ಹೆಸರಿಲ್ಲ, ಒಂದು ಗೀಟು. ಪಕ್ಕದಲ್ಲಿ 'ಹೋದ ಶ್ರಾವಣ ಸಿಕ್ಕಿತು' ಎಂದಷ್ಟೇ.

*

ಎರ್ರಿಸ್ವಾಮಿ ಮತ್ತೆ ಬಗ್ಗಿ ಮಣ್ಣು ಕೆದಕಿದ. ಅವನ ಅಂಗೈಯಲ್ಲಿ ನಾಲ್ಕು ಕರಿಮಣಿಗಳಿದ್ದವು, ಸಾಸಿವೆಗಿಂತ ತುಸು ದೊಡ್ಡವು. ಕೂಸಿನ ಕೈಗೆ ಕಟ್ಟುವಂಥವು. ಅವರ ಮನೆತನದಲ್ಲಿ ಕೂಸುಗಳಿಗೆ ಕಲ್ಲು ನೆಡುವುದಿಲ್ಲ.

ಗಂಡನ ಹೆಣದ ಪಕ್ಕ ಕುಳಿತಿದ್ದ ವಿರೂಪಮ್ಮ ಎದ್ದು ಬಂದು ಮಣಿಗಳನ್ನು ತೆಗೆದುಕೊಂಡಳು. ಒಂದೊಂದನ್ನೇ ಸೆರಗಿನಲ್ಲಿ ಒರೆಸಿದಳು.

"ಇವು ನಾ ಪೋಣಿಸಿದ್ವು," ಎಂದಳು. "ನಿಮಗಿಂತ ಮೊದ್ಲು ಒಂದು ಹೆಣ್ಣಾಗಿತ್ತು."

ಮಕ್ಕಳಿಬ್ಬರೂ ತಾಯಿಯ ಮುಖ ನೋಡಿದರು. ಶಶಿಕಾಂತ ಗಡಿಯಾರ ಕಟ್ಟಿದ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ.

*

ಕೂಸು ಒಂಬತ್ತು ದಿನ ಇತ್ತು. ಹೆಸರಿಟ್ಟಿರಲಿಲ್ಲ. ಬಾಣಂತಿಯನ್ನು ಹೊಸ್ತಿಲು ದಾಟಗೊಡಲಿಲ್ಲ. ಚಿದಾನಂದಪ್ಪ ಮಳೆಯಲ್ಲಿ ಧೋತರದ ಚುಂಗಿನಡಿ ಮುಚ್ಚಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ತಿಂಗಳು ಕಳೆದು ಎಲ್ಲಿ ಎಂದು ಅವಳು ಕೇಳಿದಾಗ, ಕತ್ತಲಿತ್ತು, ಗುರ್ತು ಸಿಗವಲ್ದು ಎಂದ.

"ಊರ ಮಂದಿ ಗಡಿಕಲ್ಲೆಲ್ಲಾ ಗುರ್ತದಾವ ನಿಮಗ," ಎಂದಿದ್ದಳು ವಿರೂಪಮ್ಮ.

ಆಮೇಲೆ ನಲವತ್ತೊಂಬತ್ತು ವರ್ಷ ಆ ಮಾತು ಇಬ್ಬರೂ ಎತ್ತಲಿಲ್ಲ. ಭಾನುವಾರದ ಬುತ್ತಿ ಕಟ್ಟಿಕೊಟ್ಟವಳು ಅವಳೇ. ಅಜ್ಜಂದಿರ ಹುಚ್ಚು ಎಂದುಕೊಂಡಿದ್ದಳು.

*

"ನೀ ಉದ್ದಕ ಅದೀಯಪ್ಪ," ಎಂದಳು ಗುರುಸ್ವಾಮಿಗೆ. "ಹದಿನೆಂಟು ನಿಮ್ಮಪ್ಪನ ಹೆಜ್ಜಿ. ಅತ್ಲಾಗ ಸರಿ."

ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ಮುಂದೆ ಯಾರೋ ನಡೆಯುತ್ತಿದ್ದಾರೆ ಎಂಬಂತೆ ಮೋಟು ಹೆಜ್ಜೆ ಹಾಕುತ್ತ ಬಂದಳು. ಹದಿನೆಂಟಕ್ಕೆ ನಿಂತದ್ದು, ತೆರೆದ ಮಣ್ಣಿನಿಂದ ಮೂರು ಮೊಳ ಈಚೆ. ಎರ್ರಿಸ್ವಾಮಿ ಅಲ್ಲಿ ತೋಡಿದ. ಮಣ್ಣು ತಳದವರೆಗೂ ಕಪ್ಪಗೇ ಬಂತು.

ಅವನು ಪಡುವಣ ಗೋಡೆಯಲ್ಲಿ ಗೂಡು ಕೊರೆಯುವಾಗ ವಿರೂಪಮ್ಮ ಮಣಿಗಳನ್ನು ಎಲ್ಲಿದ್ದವೋ ಅಲ್ಲೇ ಇಟ್ಟು, ಗಂಡನಿಗೆಂದು ತಂದಿದ್ದ ವಿಭೂತಿ ಗಟ್ಟಿಗಳಲ್ಲಿ ಒಂದನ್ನು ಮೇಲಿಟ್ಟು, ಕೈಯಿಂದಲೇ ಮಣ್ಣೆಳೆದಳು.

ಚಿದಾನಂದಪ್ಪನನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಮುಖ ಮೂಡಲಿಗೆ ಬಂತು. ಅದರೆದುರು ಕುಣಿಯ ಗೋಡೆ, ಗೋಡೆಯಾಚೆ ಆಗಷ್ಟೇ ಮುಚ್ಚಿದ ಸಣ್ಣ ಜಾಗ.

ಕುಣಿ ಮುಚ್ಚುವ ಗುದ್ದಲಿ ಆ ಸಣ್ಣ ಜಾಗದಾಚೆ ಬಿದ್ದಿತ್ತು. ಎರ್ರಿಸ್ವಾಮಿ ಹಸಿ ಮಣ್ಣಿನ ಮೇಲೆ ಕಾಲಿಡದೆ, ದೂರದಿಂದ ಬಳಸಿಹೋಗಿ ಅದನ್ನು ತಂದ.