ಹೊಲಿದ ಜೇಬು

ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೊರಟ ಶಂಕರಮ್ಮ ಸೊಸೆಗೆ ಒಂದು ಮಾತು ಹೇಳಿದ್ದಳು: ತೀರಿಹೋದ ಮಾವನ ಹುಳ ತಿಂದ ಕಂದು ಸ್ವೆಟರ್ ಟ್ರಂಕಿನಲ್ಲಿದೆ, ಮಗುವಿನ ಕಾಲುಚೀಲಕ್ಕೆ ಅದನ್ನು ತೆಗೆದುಕೋ. ಉಣ್ಣೆಯನ್ನು ಅಂಟುವಾಳದ ಬಿಸಿನೀರಲ್ಲಿ ಕುದಿಸಿ, ತುಳಿದು, ತಣ್ಣೀರಿಗೆ ಅದ್ದಿದರೆ ಕಂಬಳಿಯಂತೆ ದಪ್ಪಗಟ್ಟುತ್ತದೆ, ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ ಎಂದು ಪಕ್ಕದ ಮನೆಯ ದುರ್ಗಮ್ಮ ಕಲಿಸಿಕೊಟ್ಟಿದ್ದಳು. ಹೊಸ ಕೆಲಸ ಕಲಿತವರಿಗೆ ಕೈ ಸುಮ್ಮನಿರುತ್ತದೆಯೇ? ವೇದಾವತಿ ಟ್ರಂಕಿನೊಳಗೆ ಕೈ ಹಾಕಿ, ಸಿಕ್ಕ ಕಂದು ಸ್ವೆಟರನ್ನು ಬಿಡಿಸಿಯೂ ನೋಡದೆ ಹಂಡೆಗೆ ಹಾಕಿಬಿಟ್ಟಳು.

ಮಧ್ಯಾಹ್ನ ಕತ್ತರಿಗೆಂದು ಮತ್ತೆ ಟ್ರಂಕು ತೆರೆದಳು. ಮಾವನ ತೂತುಬಿದ್ದ ಸ್ವೆಟರ್ ಅಲ್ಲಿಯೇ ಇತ್ತು. ಹಾಗಾದರೆ ಅಂಗಳದಲ್ಲಿ ಒಣಗುತ್ತಿರುವುದು ಅದೇ ಬಣ್ಣದ, ಮೈದುನ ರುದ್ರಮುನಿಯದು.

ರುದ್ರಮುನಿ ಯುದ್ಧಕ್ಕೆಂದು ಬರ್ಮಾ ಕಡೆ ಹೋಗಿ, ಕಾಗದವಿಲ್ಲದೆ ಏಳು ತಿಂಗಳಾಗಿತ್ತು. ದೂರ ಹೋದವರ ಬಟ್ಟೆಯನ್ನು ಅವರು ಬರುವವರೆಗೆ ಒಗೆಯಬಾರದು, ಹರಿಯಬಾರದು ಎಂದು ಅತ್ತೆ ಆ ಸ್ವೆಟರನ್ನು ಬಿಸಿಲಿಗೂ ಹಾಕುತ್ತಿರಲಿಲ್ಲ. ವೇದಾವತಿ ಅದನ್ನು ಎರಡೂ ಕೈಯಲ್ಲಿ ಜಗ್ಗಿದಳು. ಆಳೆತ್ತರದ ಗಂಡಸಿನ ಸ್ವೆಟರ್ ಐದು ವರ್ಷದ ಹುಡುಗನಿಗಾಗುವಷ್ಟು ಕುಗ್ಗಿತ್ತು, ಒಂದು ಬೆರಳಿನಷ್ಟೂ ಹಿಗ್ಗಲಿಲ್ಲ. ಅವನಿಗೇನಾದರೂ ಆದರೆ ಎಲ್ಲರೂ ತನ್ನತ್ತಲೇ ಬೆರಳು ತೋರಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಿಜಕ್ಕೂ ತನ್ನಿಂದಲೇ ಆಗಿಬಿಟ್ಟರೆ? ಭದ್ರಾವತಿ ಸ್ಟೇಷನ್ನಿನಲ್ಲಿ ಸಂಜೆ ರೈಲು ಕೂಗಿದಾಗಲೂ ಅವಳು ಅದನ್ನು ಜಗ್ಗುತ್ತಲೇ ಇದ್ದಳು.

ಶಂಕರಮ್ಮ ಒಳಗೆ ಬಂದಳು, ನೋಡಿದಳು, ಚೀಲ ಕೆಳಗಿಟ್ಟಳು. ಬೈಗುಳಕ್ಕೆ ಕಾದು ನಿಂತ ಸೊಸೆಯ ಕೈಯಿಂದ ಸ್ವೆಟರ್ ತೆಗೆದುಕೊಂಡು ಜೇಬನ್ನು ಮುಟ್ಟಿದಳು. ಜೇಬಿನ ಬಾಯಿ ಹೊಲಿದಿತ್ತು.

"ಕತ್ತರಿ ಕೊಡು."

ಹೊಲಿಗೆ ಬಿಚ್ಚಿದಾಗ ಒಳಗಿಂದ ಖಾಕಿ ಕಾಗದದ ಮುದ್ದೆ ಬಂತು.

ಶಂಕರಮ್ಮ ಗೋಡೆಗೆ ಒರಗಿ ಕುಳಿತು ಮೆಲ್ಲಗೆ ಹೇಳಿದಳು. ದೀಪಾವಳಿ ಮುಗಿದ ವಾರ ಪೋಸ್ಟಿನವನು ತಂದುಕೊಟ್ಟಿದ್ದ ಸರ್ಕಾರಿ ಲಕೋಟೆ ಅದು. ಆಗ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಓದು ಬಾರದು. ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತನಾದ ಹಿರಿಮಗ, ವೇದಾವತಿಯ ಗಂಡ ವೀರಪ್ಪನಿಗೆ ಇಂಗ್ಲಿಷ್ ಬರುತ್ತದೆ, ಆದರೆ ಅವನಿಗೆ ಕೊಡುವ ಧೈರ್ಯ ಬರಲಿಲ್ಲ; ರುದ್ರಮುನಿಯ ಸ್ವೆಟರಿನ ಜೇಬಿಗೆ ಹಾಕಿ ಹೊಲಿದುಬಿಟ್ಟಿದ್ದಳು.

"ಓದಿಸ್ದಿದ್ರೆ ಅವ್ನು ಇದಾನೆ ಅಂತ್ಲೇ ಅಲ್ವೇನೆ, ಮಾರಾಯ್ತಿ?"

ಮಧ್ಯಾಹ್ನದಿಂದ ತಾನು ಒಬ್ಬಳೇ ಹೆದರಿದ್ದೇನೆಂದು ವೇದಾವತಿ ಅಂದುಕೊಂಡಿದ್ದಳು. ಈ ಹೆಂಗಸು ತಿಂಗಳುಗಟ್ಟಲೆ ಹೆದರಿಕೊಂಡೇ ಅಡುಗೆ ಮಾಡಿದ್ದಳು, ಮಗುವನ್ನು ತೂಗಿದ್ದಳು.

ಬೀದಿಯಲ್ಲಿ ವೀರಪ್ಪನ ಸೈಕಲ್ ಗಂಟೆ ಕೇಳಿಸಿತು. ಶಂಕರಮ್ಮ ಮುದ್ದೆಯನ್ನು ಸೊಸೆಯ ಅಂಗೈಗೆ ಹಾಕಿದಳು.

"ನೋಡು ವೇದಾ. ವೀರಪ್ಪಂಗೆ ಓದಕ್ಕಾಗೋದು ಏನಾದ್ರೂ ಉಳಿದಿದ್ಯಾ?"

ಹೊರಪದರ ಕೊಳೆತ ಬಾಳೆಹಣ್ಣಿನಂತಾಗಿತ್ತು. ಒಳಮಡಿಕೆ ಮಾತ್ರ ಗಟ್ಟಿಯಿತ್ತು. ಅದರಲ್ಲಿ ಟೈಪು ಮಾಡಿದ ಎರಡು ಸಾಲು ಕಪ್ಪಗೆ ಹಾಗೆಯೇ ನಿಂತಿದ್ದವು. ವೇದಾವತಿಗೆ ಇಂಗ್ಲಿಷ್ ಬಾರದು. ಗೇಟಿನ ಚಿಲಕ ಸದ್ದಾಯಿತು. ಅವಳು ಮುಷ್ಟಿ ಮುಚ್ಚಿ, ನೀರು ಇಳಿಯುವವರೆಗೆ ಹಿಂಡಿದಳು.

"ಇಲ್ಲ ಅತ್ತೆ," ಅಂದಳು. "ಏನೂ ಉಳಿದಿಲ್ಲ."