ಮೂರನೇ ಬಳೆ

ನಮ್ಮತ್ತೆ ದೊಡ್ಡತಾಯಮ್ಮನ್ನ ನಾನು ಬೈಯೋದು ನಮ್ಮ ಬೀದಿಗೆಲ್ಲ ಗೊತ್ತು. ಅವತ್ತು ಮಾತ್ರ ಬೈಯೋಕೂ ನಾಲಿಗೆ ಏಳಲಿಲ್ಲ. ತೊಂಬತ್ತಾರನೇ ಇಸವಿ, ಆಯುಧಪೂಜೆ ಮಾರನೇ ಬೆಳಗ್ಗೆ. ಕಾಳಮ್ಮನ ಪಟದ ಮುಂದಿನ ಮಣೆ ಒರೆಸ್ತಾ ಇದ್ದೆ. ಬಾಡಿದ ಚೆಂಡುಹೂವ ತೆಗೆದೆ, ಅಕ್ಕಿಕಾಳು ಗುಡಿಸಿದೆ, ಕುಂಕುಮದ ಗುಡ್ಡೆ ಎತ್ತಾನ ಅಂತ ಕೈ ಹಾಕಿದ್ರೆ ಗಟ್ಟಿಯಾಗಿ ಏನೋ ಸಿಕ್ತು. ಸೆರಗಲ್ಲಿ ಒರೆಸಿ ನೋಡ್ತೀನಿ, ಉಕ್ಕಿನ ಬಳೆ. ನಮ್ಮ ಮೋಟ್ರುಬೈಕಿನ ಬಳೆ. ಆ ಬೈಕಲ್ಲಿ ನಮ್ಮೆಜಮಾನ್ರು ಮಗಳು ರಂಜಿತನ್ನ ಹಿಂದೆ ಕೂರಿಸ್ಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟು ಆಗಲೇ ಬಾಳ ಹೊತ್ತಾಗಿತ್ತು.

ಆ ಬಳೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಯಾಕೆ ಗೊತ್ತು ಅಂದ್ರೆ, ಅದನ್ನ ಕೂರಿಸೋವಾಗ ದಾರ ಹಿಡಿದೋಳು ನಾನೇ.

ನಮ್ಮೆಜಮಾನ್ರು ಕೃಷ್ಣಾಚಾರಿ. ಗಂಡನ ಹೆಸರು ಹೇಳಬಾರದು ಅಂತಾರೆ, ಹೇಳ್ಬುಟ್ಟೆ ಬುಡಿ. ನಾಗಮಂಗಲದಲ್ಲಿ ಅವರಪ್ಪ ಎತ್ತಿನ ಗಾಡಿ ಮಾಡ್ತಿದ್ರು. ಇವರ ಕಾಲಕ್ಕೆ ಊರೆಲ್ಲ ಟ್ರಾಕ್ಟರಾಯ್ತು, ಇವರು ಲೇತು, ವೆಲ್ಡಿಂಗು ಅಂತ ಇಟ್ಕೊಂಡ್ರು. ಆ ವರ್ಷ ಅದೇನು ಹುಳ ಹೊಕ್ತೋ ತಲೆಗೆ! ಇಂಜಿನ್ ಇಲ್ಲದ ಹಳೇ ಬುಲೆಟ್ಟೊಂದು ಎಲ್ಲಿಂದಲೋ ತಂದ್ರು. ನೀರೆತ್ತೋ ಡೀಸೆಲ್ ಇಂಜಿನ್ನೊಂದು ಗುಜರೀಲಿ ಹಿಡಿದ್ರು. ಇವೆರಡನ್ನೂ ಸೇರಿಸಿ ಓಡಿಸ್ತೀನಿ ಅಂತ ಕೂತ್ರು.

"ಎಮ್ಮೆಗೂ ಕತ್ತೆಗೂ ಮದುವೆ ಮಾಡ್ತೀರಾ?" ಅಂದೆ.

"ಲಗ್ನ ಕೂಡ್ಕೊಂಡ್ರೆ ಎಲ್ಲಾ ಆಯ್ತದೆ, ನೋಡ್ತಿರು," ಅಂದ್ರು.

ಎಲ್ಲ ಕೂಡ್ಕೊಂಡ್ತು, ಚೈನು ಕೂಡ್ಕೊಳ್ಳಲಿಲ್ಲ. ಇಂಜಿನ್ನು ಒಂಚೂರು ಒಳಗಡೆ ಕೂತಿತ್ತು. ಅದಕ್ಕೇ ಚೈನು ಎಳೆಯೋ ಮುಂದಿನ ಹಲ್ಲುಚಕ್ರ ಒಳಕ್ಕೆ, ಹಿಂದಿನ ಗಾಲಿಯ ಹಲ್ಲುಚಕ್ರ ಆಚೆಗೆ. ಎರಡೂ ಒಂದೇ ಗೆರೇಲಿರಬೇಕು. ಅದಕ್ಕೆ ಲೇತಲ್ಲಿ ಉಕ್ಕಿನ ಬಳೆ ಕಡೆದು, ಮುಂದಿನ ಚಕ್ರದ ಬೆನ್ನಿಗೆ ಕೊಟ್ಟು ಆಚೆಗೆ ತಳ್ಳೋದು. ನಾನು ಹಿಂದಿನ ಗಾಲಿ ತಾವ ದಾರದ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂರೋದು, ಅವರು ಮುಂದಿನ ತುದಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡೋದು. ದಾರ ಎರಡು ಚಕ್ರದ ಮುಖಕ್ಕೂ ಒಂದೇ ಸಮ ತಾಗಬೇಕು.

"ಕೈ ಅಳ್ಳಾಡಿಸ್ಬೇಡ ಕಣೇ!"

"ಉಸಿರೇ ಬುಡ್ತಿಲ್ಲ, ಇನ್ನೇನು ಸಾಯ್ಲಾ?"

ಒಂದು ಬಳೆ ಸಾಲಲಿಲ್ಲ, ಎರಡು ಸಾಲಲಿಲ್ಲ. ಮೂರನೇದು ನಾಕಾಣೆ ಬಿಲ್ಲೆಯಷ್ಟೇ ದಪ್ಪ. ಅದು ಹಾಕಿದ ಮೇಲೆ ದಾರ ಅಲ್ಲೂ ಇಲ್ಲೂ ಕೂತ್ಕೊಂಡ್ತು. ಅಷ್ಟು ತೆಳ್ಳನೇದಕ್ಕೆ ಇಷ್ಟು ಒದ್ದಾಟವಾ ಅಂತ ಕೇಳಿದೆ. ಅವರು ನಗಲಿಲ್ಲ. "ಇದಿಲ್ದಿದ್ರೆ ಚೈನು ಸೊಟ್ಟಗೆ ಎಳೀತದೆ. ಎಳೆದೂ ಎಳೆದೂ ಒಂದಿನ ಹಲ್ಲು ಹತ್ತಿ ಆಚೆಗೆ ಬೀಳ್ತದೆ. ಇಂಜಿನ್ ಸಂದಿಗೆ ಸಿಕ್ಕೊಂಡ್ರೆ ಹಿಂದಿನ ಗಾಲಿ ನಿಂತೇ ಬುಡ್ತದೆ. ಜೋರಾಗಿ ಹೋಗ್ತಿರೋವಾಗ ನಿಂತ್ರೆ ಕತೆ ಮುಗೀತು," ಅಂದ್ರು.

ಆ ಮಾತು ಈಗ ಕಿವೀಲಿ ಗುಂಯ್ ಅಂತು. ಬಳೆ ಹಿಡ್ಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ಬಿಸಿಲಿಗೆ ಕೂತು ಎಲೆಅಡಿಕೆ ಹಾಕ್ತಿತ್ತು.

"ಅತ್ತೆ, ಇದು ಅಮ್ಮನ ಮುಂದೆ ಎಂಗೆ ಬಂತು?"

"ನಾನೇ ಇಟ್ಟೆ ಕಣವ್ವ. ಕಡಾಣಿ."

ನನಗೆ ಆಗ ಅರ್ಥವಾಯ್ತು. ನಮ್ಮ ಮನೇಲಿ ಒಂದು ಪದ್ಧತಿ ಉಂಟು. ಆಯುಧಪೂಜೆ ದಿನ ಕೊಟ್ಟಿಗೇಲಿರೋ ಪ್ರತಿ ಗಾಡಿಯ ಕಡಾಣಿ, ಅದೇ ಗಾಲಿ ಕಳಚದಂಗೆ ಅಚ್ಚಿನ ತುದೀಗೆ ಹಾಕೋ ಕೀಲು, ಅದನ್ನ ಕಿತ್ತು ಕಾಳಮ್ಮನ ಮುಂದೆ ಇಡಬೇಕು. ಮಾರನೇ ದಿನ ಮಂಗಳಾರತಿ ಎತ್ತಿದ ಮೇಲೆ ಅಮ್ಮನ ಕೈಯಿಂದ ಈಸ್ಕೊಂಡಂಗೆ ತಗೊಂಡು ಹೋಗಿ ಹಾಕೋದು. ಒಂದಿನ ಗಾಡಿಗೂ ಎತ್ತಿಗೂ ರಜ ಇರಲಿ ಅಂತ ಹಿರೀಕರು ಮಾಡಿದ್ದು.

"ಮೋಟ್ರಿಗೆ ಕಡಾಣಿ ಎಲ್ಲದೆ ಅಂತ ಉಡುಕ್ದೆ," ಅಂತು ಅತ್ತೆ. "ಪೂಜೆಗೆ ಅಂತ ಎಲ್ಲಾ ಬಿಚ್ಚಿ ತೊಳೆದು ತಟ್ಟೇಲಿ ಇಟ್ಟಿದ್ನಲ್ಲ ನಿನ್ ಗಂಡ. ಇದು ಕೈಗೆ ಸಿಕ್ತು. ಯಾಕವ್ವ, ಅವನು ಈಸ್ಕೊಂಡು ಹೋಗ್ನಿಲ್ವಾ?"

ಅಯ್ಯೋ ನನ್ ದೇವ್ರೇ! ಕಡಾಣಿ ಇಲ್ಲದ ಗಾಡಿ ಅಂಗಳ ದಾಟಾಕಿಲ್ಲ, ಮಗೀಗೂ ಕಾಣ್ತದೆ. ಈ ಬಳೆ ಇಲ್ಲದಿದ್ರೂ ಮೋಟ್ರು ಡುಗುಡುಗು ಅಂತ ನೆಟ್ಟಗೆ ಹೊರಡ್ತದೆ. ಅಂಗೇ ಹೊರಟಿತ್ತು. ಹೊಸ ಗಾಡಿ ಮೊದಲ ಸವಾರಿ ಶ್ರೀರಂಗಪಟ್ಟಣದ ನಿಮಿಷಾಂಬ ದೇವಸ್ಥಾನಕ್ಕೇ ಆಗಬೇಕು ಅಂತ ರಂಜಿತ ಕುಣೀತಿದ್ಲು. ಇವರು ಅರಿಶಿನ ಕುಂಕುಮ ಮೆತ್ತಿದ್ದನ್ನೆಲ್ಲ ಗಡಿಬಿಡೀಲಿ ಜೋಡಿಸಿದ್ರು. "ದಾರ ಹಿಡೀಲಾ?" ಅಂತ ಒಲೆ ಮುಂದಿಂದ ಕೂಗಿದೆ. "ಮೊನ್ನೆ ಹಿಡಿದದ್ದೇ ಸಾಕು ಬುಡು," ಅಂದ್ರು. ಹುಡುಗಿ ಹೊಸ ಹಸಿರು ಲಂಗ ದಾವಣಿ ಹಾಕ್ಕೊಂಡು ಒಂದೇ ಕಡೆಗೆ ಕಾಲಿಳಿಬಿಟ್ಟು ಕೂತು ಟಾಟಾ ಮಾಡಿದ್ಲು.

ನನ್ನ ಮುಖ ನೋಡಿ ಅತ್ತೆಗೆ ತಿಳೀತು ಅಂತ ಕಾಣ್ತದೆ, ಬಾಯಲ್ಲಿದ್ದ ಎಲೆ ಉಗುಳಿ "ಅಮ್ಮಾ ತಾಯಿ" ಅಂತ ಗೋಡೆ ಹಿಡ್ಕೊಂಡ್ತು. ನಾನು ಚಪ್ಪಲೀನೂ ಮೆಟ್ಟದೆ ಬಸ್ಟಾಂಡಿಗೆ ಓಡಿದೆ.

ಪಾಂಡವಪುರದ ಬಸ್ಸು ಹೊರಡ್ತಿತ್ತು. ಕಂಡಕ್ಟ್ರು ನಂಜಪ್ಪ ನಮ್ಮ ಬೀದಿಯೋನೇ. "ಎಲ್ಲಿಗಕ್ಕ?" ಅಂದ.

"ಅವರು ಸಿಕ್ಕೋ ತಾವಕ್ಕೆ."

ವಿಷಯ ಹೇಳಿದೆ. ನಂಜಪ್ಪ ಡ್ರೈವರಿಗೆ ಹೋಗಿ ಹೇಳಿದ. ಆದ್ರೂ ಆ ಬಸ್ಸು ಕೈ ಅಡ್ಡ ಹಾಕಿದೋರಿಗೆಲ್ಲ ನಿಲ್ತು. ಒಬ್ಬ ಕೋಳಿ ಹತ್ತಿಸ್ತಾನೆ, ಒಬ್ಬಳು ಇಳಿಯೋಳು ತಮ್ಮನ ಹೆಂಡ್ತಿಗೆ ಇನ್ನೊಂದು ಮಾತು ಹೇಳ್ತಾ ಮೆಟ್ಟಿಲ ಮೇಲೇ ನಿಂತವಳೆ. "ಇಳಿಯೇ ಮಾರಾಯ್ತಿ, ನನ್ ಮನೆ ಹಾಳಾಯ್ತದೆ!" ಅಂತ ಕಿರುಚಿಬಿಟ್ಟೆ. ಬಳೆ ಮುಷ್ಟೀಲಿತ್ತು. ಬೆವರಿಗೆ ಕುಂಕುಮ ಕರಗಿ ಬೆರಳ ಸಂದೀಲಿ ಕೆಂಪಗೆ ಇಳೀತಿತ್ತು. ಅದನ್ನ ನೋಡೋಕಾಗದೆ ಕೈ ಸೆರಗೊಳಗೆ ಬಚ್ಚಿಟ್ಕೊಂಡೆ.

ಜಕ್ಕನಹಳ್ಳೀಲಿ ಟೀ ಅಂಗಡಿ ಕರಿಯಯ್ಯನ್ನ ಕಿಟಕಿಯಿಂದಲೇ ಕೇಳಿದೆ.

"ಊಂ ಕಣಕ್ಕ, ಇಲ್ಲೇ ಟೀ ಕುಡುದ್ರಲ್ಲ. ಮಗೀಗೆ ಬನ್ನು ಕೊಡಿಸುದ್ರು. ಅದ್ಯಾಕೆ ಚೈನು ಅಂಗೆ ಕಟಕಟ ಅಂತ ಹಲ್ಲು ಕಡೀತದೆ ಅಂದೆ. ಹೊಸದು, ಪಳಗ್ಬೇಕು ಅಂದ್ರು."

ಕಟಕಟ ಅಂದ್ರೆ ಚೈನು ಹಲ್ಲು ಹತ್ತೋಕೆ ಶುರುಮಾಡ್ತು ಅಂತ. ಅಷ್ಟು ದಿನ ಕಬ್ಬಿಣದ ಜೊತೆ ಬಾಳಿದ ಮನುಷ್ಯನಿಗೆ ಆ ಸದ್ದು ಕೇಳಿಸಲಿಲ್ವಲ್ಲ! ಕೇಳಿಸಿರ್ತದೆ. ದಾರ ಹಿಡಿದು ನೋಡಿದ್ದೀನಿ ಅನ್ನೋ ಧೈರ್ಯ ಆ ಕಿವೀನ ಮುಚ್ಚಿರ್ತದೆ.

ಚಿನಕುರಳಿ ದಾಟಿದ ಮೇಲೆ ಎರಡೂ ಕಡೆ ಹಸಿರು ಬಂತು. ಗದ್ದೆ, ಕಬ್ಬು. ಬೇರೆ ದಿನ ಆಗಿದ್ರೆ ಕಣ್ತುಂಬ ನೋಡ್ತಿದ್ದೆ. ಅವತ್ತು ಆ ಹಸಿರು ಕಂಡರೇ ಭಯ. ನಮ್ಮ ಕಡೆ ರಾಗಿ ಹೊಲ, ಬಿದ್ರೆ ಮಣ್ಣಿಗೆ ಬೀಳ್ತಾರೆ. ಇಲ್ಲಿ ರಸ್ತೆ ಪಕ್ಕದಲ್ಲೇ ನಾಲೆ, ಅಂಚಿನ ತನಕ ನೀರು ಬುಟ್ಟವ್ರೆ. ರಂಜಿತಂಗೆ ಈಜು ಬರಾಕಿಲ್ಲ. ನಮ್ಮೂರಲ್ಲಿ ಈಜೋಕೆ ನೀರೆಲ್ಲಿದೆ? ಕಾಳಮ್ಮ, ನಿನಗೆ ಏನು ಬೇಕಾದ್ರೂ ಇಟ್ಕೊ, ಆ ಎರಡು ಜೀವ ವಾಪಸ್ ಕೊಡು ಅಂತ ಬಾಯಿಬಿಟ್ಟೇ ಬೇಡ್ಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮೊಣಕೈ ಹಿಡ್ಕೊಂಡ್ತು.

ನಾಲೆ ಏರಿ ತಿರುವಿನಲ್ಲಿ ಬಸ್ಸು ನಿಧಾನವಾಯ್ತು. ರಸ್ತೆ ಮೇಲೆ ಗಾಲಿ ಎಳೆದ ಕಪ್ಪು ಗೆರೆ. ಅದರ ತುದೀಲಿ ಹಸಿರು ದಾವಣಿ ಬಿದ್ದಿತ್ತು, ಅದರ ಮೇಲೆ ಗ್ರೀಸು.

ಬಸ್ಸು ನಿಲ್ಲೋ ಮುಂಚೇನೇ ಧುಮುಕಿದೆ. ಮಂಡಿ ಕೆತ್ತಿಕೊಂಡು ಹೋಗಿದ್ದು ಆಮೇಲೆ ಗೊತ್ತಾಗಿದ್ದು. "ರಂಜೀ!" ಅಂತ ಕೂಗಿದ್ದು ನನ್ನ ದನಿ ಅಂತಾನೇ ಅನ್ನಿಸಲಿಲ್ಲ. ಸುತ್ತ ಸೇರಿದ್ದ ಜನರನ್ನ ಸರಿಸಿಕೊಂಡು ನುಗ್ಗಿದ್ರೆ, ಏರಿ ಅಂಚಿನ ಗೂಟಕಲ್ಲಿಗೆ ಬುಲೆಟ್ಟು ಒರಗಿತ್ತು. ಮುಂದಿನ ಗಾಲಿ ನೀರಿನ ಮೇಲಕ್ಕೆ ಚಾಚ್ಕೊಂಡಿತ್ತು. ಆ ಕಲ್ಲು ಒಂದು ಮಾರು ಆಚೆ ಇದ್ದಿದ್ರೆ ಗಾಡಿ ಇಬ್ಬರನ್ನೂ ಹೊತ್ಕೊಂಡು ನಾಲೆಗೇ ಬೀಳ್ತಿತ್ತು.

"ಅವ್ವಾ."

ರಂಜಿತ ಹುಲ್ಲಿನ ಮೇಲೆ ಕೂತಿದ್ಲು. ಮೊಣಕೈಲಿ ರಕ್ತ, ಕೂದಲೆಲ್ಲ ಮಣ್ಣು. ತಬ್ಬಿಕೊಂಡೆ, ಮೈಯೆಲ್ಲ ತಡವಿದೆ, ಎರಡು ಏಟೂ ಹಾಕಿದೆ. ಯಾಕೆ ಹಾಕಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ಆ ಮನುಷ್ಯ ಆಗಲೇ ಸಂದಿಗೆ ಸಿಕ್ಕೊಂಡಿದ್ದ ಚೈನು ಮೀಟಿ ತೆಗೆದು, ಇಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ರು. ಹಣೆ ಊದಿತ್ತು. ನಾನು ಮುಷ್ಟಿ ಬಿಚ್ಚಿ ಬಳೆ ತೋರಿಸಿದೆ. ನೋಡಿದ್ರು. ಕುಂಕುಮ ನೋಡಿದ್ರು.

"ನಮ್ಮವ್ವನ ಕೆಲಸವಾ?"

"ಕಡಾಣಿ ಅಂತೆ."

ಬಳೆ ಈಸ್ಕೊಂಡು, ಮುಂದಿನ ಚಕ್ರ ಬಿಚ್ಚಿ, ಅದರ ಬೆನ್ನಿಗೆ ಕೂರಿಸಿ ಬಿಗಿ ಮಾಡಿದ್ರು. ಬಾಯಿಬಿಟ್ಟು ಬೈಯಾನ ಅಂತಿದ್ದೆ. ಅಷ್ಟರಲ್ಲಿ ಜೇಬಿಂದ ದಾರ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ರು. "ಹಿಡಿ. ಸರಿಯಾಗಿದ್ರೆ ಇಂಗೇ ಹೋಗ್ಬುಡಾನ. ದೇವರ ದರ್ಶನ ಮುಗಿಸ್ಕೊಂಡು..."

ಹಿಂದಿನ ಗಾಲಿ ತಾವ ಕೂತು ಹಿಡಿದೆ. ದಾರ ನಿಲ್ಲಲಿಲ್ಲ. ಚಕ್ರದ ಹಲ್ಲಿಗೆ ಪಟಪಟ ಅಂತ ಬಡೀತಿತ್ತು. ಇನ್ನೊಂದು ಕೈಲಿ ಮಣಿಕಟ್ಟು ಹಿಡ್ಕೊಂಡೆ, ಆಗಲೂ ನಿಲ್ಲಲಿಲ್ಲ.

"ಕೈ ಅಳ್ಳಾಡಿಸ್ಬೇಡ ಕಣೇ," ಅಂದ್ರು, ಯಾವಾಗಲೂ ಅನ್ನೋ ಅಂಗೆ.

ಎರಡೂ ಕೈಯಲ್ಲಿ ನನ್ನ ತುದೀನ ಗಾಲಿಗೆ ಒತ್ತಿ ಹಿಡಿದೆ. ಈಗ ನನ್ನ ಕಡೆ ದಾರ ನಿಂತಿತು. ಅವರ ಕಡೆ ನಿಲ್ಲಲಿಲ್ಲ. ಅವರು ಮುಚ್ಚಿದ್ದ ಕಣ್ಣು ಬಿಟ್ಟು, ತಮ್ಮ ಕೈಯನ್ನ ತಾವೇ ನೋಡ್ಕೊಂಡ್ರು. ಬಾಳ ಹೊತ್ತು ನೋಡಿದ್ರು. ಆಮೇಲೆ ಹುಲ್ಲಿನ ಮೇಲಿದ್ದ ಮಗಳನ್ನ ನೋಡಿದ್ರು, ಗೂಟಕಲ್ಲು ನೋಡಿದ್ರು, ನೀರು ನೋಡಿದ್ರು. ಆ ಮನುಷ್ಯ ಅತ್ತಿದ್ದನ್ನ ನಾನು ನೋಡಿದ್ದು ಅವತ್ತೇ.

ದಾರ ಸುತ್ತಿ ಜೇಬಿಗೆ ಹಾಕ್ಕೊಂಡ್ರು. ಮೀಟಿ ತೆಗೆದಿದ್ದ ಚೈನನ್ನ ಎತ್ತಿ ನನ್ನ ಮಡಿಲಿಗೆ ಹಾಕಿದ್ರು. ಪಾಂಡವಪುರದ ತನಕ ಆ ಬೈಕನ್ನ ತಳ್ಕೊಂಡೇ ಹೋದ್ವಿ. ರಂಜಿತನ್ನ ನಾನು ನಾಲೆ ಕಡೆ ನಡೆಯೋಕೆ ಬಿಡಲಿಲ್ಲ.