ಹಸಿ ಲೋಡು

ಬೆಳಿಗ್ಗೆ ಏಳೂವರೆಗೆ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ತಲುಪಿತು. ಬಂಡೀಪುರ, ನಾಗರಹೊಳೆ ಎರಡೂ ಸುತ್ತಿ ಬಂದ ಕಂಪ್ಲಿಯ ಜಡೆಪ್ಪನ ಮನೆಯವರಿಗೆ ಹುಲಿ ಕಂಡಿರಲಿಲ್ಲ.

ಸ್ಟೇಷನ್ ಹೊರಗೆ ಕಾರಿಗೆ ಬ್ಯಾಗು ಏರಿಸುವಾಗಲೂ ಮಗ ಮಲ್ಲೇಶ್ ಅದನ್ನೇ ಗೊಣಗುತ್ತಿದ್ದ. "ಅಷ್ಟ್ ದೂರ ಹೋಗಿ ಜಿಂಕಿ ನೋಡಿ ಬಂದಂಗಾತು. ಜಿಂಕಿ ಕಮಲಾಪುರದ ಝೂನಾಗೂ ಅದಾವು."

"ಹುಲಿನೂ ಅದಾವಪ್ಪ ಅಲ್ಲಿ," ಎಂದಳು ಅವನ ಮಗಳು ಐಶ್ವರ್ಯ. "ದಾರ್ಯಾಗ ನಿಲ್ಸು. ಫೋಟೋ ಹೊಡ್ಕಂಡು ಬಂಡೀಪುರ ಅಂತ ಹೇಳಾಣ."

ಜಡೆಪ್ಪನ ಹೆಂಡತಿ ಸಂಗಮ್ಮ ನಕ್ಕಳು. ಅವಳಿಗೆ ಹುಲಿಯ ಚಿಂತೆ ಇರಲಿಲ್ಲ.

ಜಡೆಪ್ಪ ನಲವತ್ತು ವರ್ಷ ಅಕ್ಕಿ ಗಿರಣಿ ನಡೆಸಿದವನು. ಯಂತ್ರದ ಸದ್ದು ಅವನ ಕಿವಿಯನ್ನು ನಿಧಾನಕ್ಕೆ ತಿಂದು ಹಾಕಿತ್ತು. ಕಿವಿ ಮಷಿನ್ ತಂದುಕೊಟ್ಟರೆ, "ಓಣಿ ಗದ್ಲ ಎಲ್ಲಾ ತಲಿಯಾಗ ಬರತೈತಿ" ಎಂದು ಕಪಾಟಿನಲ್ಲಿಟ್ಟಿದ್ದ. ಮನೆಯವರು ಅವನೊಡನೆ ಏನು ಹೇಳಬೇಕಾದರೂ ಕೂಗಬೇಕು. ಕೂಗಿದ ಮಾತೆಲ್ಲ ಬೈಗುಳದಂತೆ ಇರುತ್ತಿತ್ತು. ಗಿರಣಿ ಮಗನ ಕೈಗೆ ಹೋದ ಮೇಲಂತೂ ಅವನು ಮಾತೇ ಬಿಟ್ಟಿದ್ದ. ಹೂಂ, ಉಹೂಂ, ಅಷ್ಟೇ. ನಾಲ್ಕು ಊರು ನೋಡಿದರಾದರೂ ಬಾಯಿ ಬಿಟ್ಟಾನು ಎಂದು ಈ ಪ್ರವಾಸಕ್ಕೆ ಹಟ ಹಿಡಿದವಳು ಸಂಗಮ್ಮನೇ.

ಬಂಡೀಪುರದಲ್ಲಿ ಅವನು ಬಾಯಿ ಬಿಟ್ಟ. ಅದೇ ತಪ್ಪಾಯಿತು. ಸಫಾರಿ ಬಸ್ಸಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾಡೆಮ್ಮೆಗಳ ಹಿಂಡು ನೋಡುತ್ತಿದ್ದಾಗ, "ಎಮ್ಮಿ ನೋಡಾಕ ಇಷ್ಟ್ ದೂರ ಬಂದ್ವೇನಲೇ ಮಲ್ಲೇಶಾ?" ಎಂದು ಗಟ್ಟಿ ದನಿಯಲ್ಲಿ ಕೇಳಿದ. ಹಿಂಡು ಪೊದೆಯೊಳಗೆ ನುಗ್ಗಿತು. ಹಿಂದಿನ ಸೀಟಿನವರು ಯಾರೋ "ಥೂ" ಎಂದರು. ಮಲ್ಲೇಶ್ ಹೊರಳಿ, ತುಟಿಯ ಮೇಲೆ ಬೆರಳಿಟ್ಟು ತಂದೆಯನ್ನು ನೋಡಿದ, ಸಣ್ಣ ಹುಡುಗರಿಗೆ ಮಾಡುವ ಹಾಗೆ. ಆಮೇಲೆ ಜಡೆಪ್ಪನಿಂದ ಹೂಂ ಕೂಡ ಹೊರಡಲಿಲ್ಲ.

ಮರುದಿನ ನಾಗರಹೊಳೆಗೆ ಹೊರಡುವಾಗ, "ನೀವ್ ಹೋಗ್ಬರ್ರಿ, ನಾ ಇಲ್ಲೇ ಕುಂದ್ರತೀನಿ" ಎಂದ. ಸಂಗಮ್ಮ ಅವನ ಹೆಗಲಿಗೆ ಟವೆಲ್ ಹಾಕಿ, ಕೈ ಹಿಡಿದು ಎಬ್ಬಿಸಿದಳು. ಬಸ್ಸು ಹತ್ತುವವರೆಗೂ ಆ ಕೈ ಬಿಡಲಿಲ್ಲ.

ಕಬಿನಿ ಹಿನ್ನೀರಿನ ಹತ್ತಿರ ಬಸ್ಸು ನಿಂತಿತು. ದೊಡ್ಡ ಆನೆಯೊಂದು ನೀರಿನಿಂದೆದ್ದು, ಮೈಯೆಲ್ಲ ತೊಟ್ಟಿಕ್ಕುತ್ತ ದಡಕ್ಕೆ ಬರುತ್ತಿತ್ತು. ಜಡೆಪ್ಪ ತಲೆ ತಗ್ಗಿಸಿ ಕೂತಿದ್ದ. ಕೂಗುವಂತಿಲ್ಲ. ಭುಜ ತಟ್ಟಿದರೆ "ಏನು?" ಎಂದು ಅವನೇ ಕೂಗಿಯಾನು. ಸಂಗಮ್ಮನ ಕೈಗಳು ಅವನ ಕಣ್ಣೆದುರು ಎದ್ದವು.

ಒಂದು ಕಾಲದಲ್ಲಿ ದಿನಾ ಬುತ್ತಿ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತವಳು ಅವಳು. ಆ ಸದ್ದಿನಲ್ಲಿ ಹಮಾಲರಿಂದ ಮಾಲೀಕನವರೆಗೆ ಎಲ್ಲರದೂ ಕೈಸನ್ನೆಯೇ. ಈಗ ಅವಳು ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಕಿಟಕಿ ತೋರಿಸಿದಳು: ಭತ್ತದ ಲೋಡು ಬಂತು.

ಜಡೆಪ್ಪ ಅವಳ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದ. ಕಿಟಕಿಯ ಕಡೆ ತಿರುಗಿ ಆನೆಯನ್ನು ನೋಡಿದ. ಆಮೇಲೆ ಕಾಳು ಹಿಚುಕಿ ನೋಡುವಂತೆ ಎರಡು ಬೆರಳು ಉಜ್ಜಿ, ಅಂಗೈ ಬೀಸಿದ: ಹಸಿ ಐತಿ, ವಾಪಸ್ ಕಳ್ಸು.

ಸಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಜಡೆಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ. ಮರದ ಮೇಲೆ ಸಾಲಾಗಿ ಕೂತ ಮುಸಿಯ ಕೋತಿಗಳನ್ನು ತೋರಿಸಿ, ಮೂಟೆ ಹೊರದೆ ಕೂತ ಹಮಾಲರು ಎಂದು ಸನ್ನೆ ಮಾಡಿದ. ಬಸ್ಸು ಗೇಟಿಗೆ ಮರಳುವವರೆಗೂ ಅವನ ಕೈಗಳಿಗೆ ಪುರುಸೊತ್ತಿರಲಿಲ್ಲ.

ಹೊಸಪೇಟೆಯಿಂದ ಹೊರಟ ಕಾರು ಕಮಲಾಪುರ ದಾಟಿತು. ಮುಂದಿನ ಸೀಟಿನಲ್ಲಿ ಜಡೆಪ್ಪ ಗದ್ದೆಗಳನ್ನು ನೋಡುತ್ತ ಕೂತಿದ್ದ.

"ಅಜ್ಜಿ, ಬಸ್ಸಿನಾಗ ನೀನೂ ಅಜ್ಜನೂ ಏನ್ ಮಾಡಾಕತ್ತಿದ್ರಿ?" ಐಶ್ವರ್ಯ ಕೇಳಿದಳು. "ಹಿಂದಿನೋರು ಆನಿ ಬಿಟ್ಟು ನಿಮ್ಮನ್ನ ನೋಡಾಕತ್ತಿದ್ರು."

"ವ್ಯಾಪಾರ," ಎಂದಳು ಸಂಗಮ್ಮ. ಸನ್ನೆಗಳನ್ನೆಲ್ಲ ಮಾಡಿ ತೋರಿಸಿ ಅರ್ಥ ಹೇಳಿದಳು.

ಸ್ಟೀರಿಂಗ್ ಹಿಡಿದಿದ್ದ ಮಲ್ಲೇಶ್, "ಸಣ್ಣವಿದ್ದಾಗ ನಂಗೂ ಬರ್ತಿತ್ತು. ಮರ್ತೀನಿ," ಎಂದ.

"ತುಟಿ ಮ್ಯಾಲೆ ಬೆರಳಿಡಾದು ಮಾತ್ರ ಮರ್ತಿಲ್ಲ ನೋಡು," ಎಂದಳು ಸಂಗಮ್ಮ.

ಮಲ್ಲೇಶ್ ಪಕ್ಕದಲ್ಲಿದ್ದ ತಂದೆಯ ಕಡೆ ಒಮ್ಮೆ ನೋಡಿ, ಗೇರ್ ಬದಲಿಸಿದ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ರೊಟ್ಟಿ, ಪುಂಡಿಪಲ್ಯ ತಯಾರಾಯಿತು. ಮಲ್ಲೇಶ್ ಅಡುಗೆಮನೆ ಬಾಗಿಲಿಂದ ಎಂದಿನಂತೆ "ಅಪ್ಪಾ" ಎಂದು ಕೂಗಲು ಬಾಯಿ ತೆರೆದವನು ತಡೆದುಕೊಂಡ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ತಂದೆಯ ಎದುರು ಹೋಗಿ ನಿಂತು, ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದ. ಸಂಗಮ್ಮ ಲಟ್ಟಣಿಗೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು.

ಜಡೆಪ್ಪ ಮಗನ ಕೈ ನೋಡಿದ, ಮುಖ ನೋಡಿದ.

"ಎರಡ್ ಸಲ ಮಾಡಬೇಕಲೇ," ಎಂದ ಓಣಿಗೆಲ್ಲ ಕೇಳುವಂತೆ. "ಒಂದ್ ಸಲ ಮಾಡಿದ್ರ ಬೀಡಿ ಐತೇನು ಅಂತ."

ಮಲ್ಲೇಶ್ ಎರಡು ಸಲ ಮಾಡಿದ. ಜಡೆಪ್ಪ ಎದ್ದು, ಕೈ ತೊಳೆದು, ಮಗನ ಪಕ್ಕದಲ್ಲಿ ಊಟಕ್ಕೆ ಕೂತ.